ಸೈಕಲ್ ಸಂಘದಲ್ಲಿ ಹತ್ತು ದಿನ

"ಪಂಕ್ಚರ್ ಹಾಕಿಡ್ರಿ, ಅರ್ಧ ತಾಸಿಗೆ ಬರ್ತೇನಿ," ಎಂದು ಸೈಕಲ್ ನಿಲ್ಲಿಸಿ ಮಹಾನಂದಾ ಹೊರಟೇಬಿಟ್ಟಳು.

"ಮೇಡಂ, ಇದು ಅಂಗಡಿ ಅಲ್ರಿ, ಸೈಕಲ್ ಸಂಘ," ಎಂದ ಸಿದ್ದಲಿಂಗ. "ನಟ್ಟು ಬಿಚ್ಚೋ ಪಾನಾ, ಪಂಪು ಎಲ್ಲಾ ಮಂದೀದು. ರಿಪೇರಿ ಮಾತ್ರ ನೀವೇ ಮಾಡ್ಕೋಬೇಕು."

"ನಂಗ ಬರಂಗಿಲ್ಲ."

"ಕಲಸ್ತೇನಿ, ಬರ್ರಿ."

ಮಹಾನಂದಾ ಜೇವರ್ಗಿಯ ಆಸ್ಪತ್ರೆಯಲ್ಲಿ ನರ್ಸ್, ಇದ್ದದ್ದು ಅವ್ವನ ಜೊತೆ. ಹತ್ತು ದಿನದ ಟ್ರೇನಿಂಗಿಗೆ ಅಫಜಲಪುರಕ್ಕೆ ಬಂದಿದ್ದಳು. ಗಂಡ ತೀರಿಕೊಂಡು ಮೂರು ವರ್ಷ. ಅಂದಿನಿಂದ ಸಂಜೆಯಾದರೆ ಒಳಗೆ ಕೂರಲಾಗುತ್ತಿರಲಿಲ್ಲ. ಹಾಸ್ಟೆಲಿನ ಅಡುಗೆಯ ಖಾಸೀಂಬಿಯ ಸೈಕಲ್ ಕೇಳಿ ಪಡೆದು ಊರೆಲ್ಲ ಸುತ್ತುತ್ತಿದ್ದಳು.

ಟ್ಯೂಬನ್ನು ಬೋಗುಣಿಯ ನೀರಲ್ಲಿ ಅದ್ದಿದಾಗ ಗುಳ್ಳೆ ಎದ್ದಿತು. ಇಬ್ಬರ ಬೆರಳೂ ಒಟ್ಟಿಗೇ ಅಲ್ಲಿಗೆ ಹೋದವು. ಅವಳು ಕೈ ಎಳೆದುಕೊಂಡಳು. ಅವನು ತಲೆ ತಗ್ಗಿಸಿದ; ಕಿವಿ ಮಾತ್ರ ಕೆಂಪಾಗಿತ್ತು.

ಸಿದ್ದಲಿಂಗ ಶಾಲೆಯ ಮಾಸ್ತರ, ಸಂಜೆ ಸಂಘ ನೋಡಿಕೊಳ್ಳುತ್ತಿದ್ದ. ಮರುದಿನ ಸೈಕಲ್ ಸರಿಯಿದ್ದರೂ ಅವಳು ಬಂದಳು.

"ಇವತ್ತೇನಾತ್ರಿ?"

"ಬ್ರೇಕ್ ಹಿಡಿಯಂಗಿಲ್ಲ."

ಅವನು ಒತ್ತಿ ನೋಡಿದ. ಗಕ್ಕನೆ ಹಿಡಿಯಿತು. ಅವನು ನಗಲಿಲ್ಲ. "ಹೌದ್ರಿ, ಭಾಳ ಸಡಿಲ ಅದ," ಎಂದು ಪಾನಾ ಕೈಗಿಟ್ಟ.

ಒಂಬತ್ತನೇ ದಿನ ಭಾನುವಾರ. ಇಬ್ಬರೂ ಸೊನ್ನದ ಬ್ಯಾರೇಜಿನವರೆಗೆ ಸೈಕಲ್ ತುಳಿದರು. ಭೀಮೆಯ ನೀರು ನೋಡುತ್ತ ಅವನೆಂದ: "ಇಲ್ಲೇ ಇದ್ದುಬಿಡ್ರಿ."

ಅವಳಿಗೆ ಸಿಟ್ಟು ಬಂತು. ಯಾಕೆಂದು ಅವಳಿಗೇ ತಿಳಿಯಲಿಲ್ಲ.

"ಅವ್ವ ಮನ್ಯಾಗ ಸುಮ್ನ ಇರು ಅಂತಾಳ. ನೀವು ಇಲ್ಲಿರು ಅಂತೀರಿ. ನನಗೇನು ಬೇಕಂತ ಯಾರೂ ಕೇಳಂಗಿಲ್ಲ!"

ಅವನು ಬಾಯಿ ತೆರೆಯುವ ಮೊದಲೇ ಸೈಕಲ್ ಹತ್ತಿ ಹೊರಟಳು. ಮರುದಿನ ಜೇವರ್ಗಿ ಬಸ್ಸಿನ ಕಿಟಕಿಯಿಂದ ಎಷ್ಟು ಸಲ ಹಿಂತಿರುಗಿ ನೋಡಿದರೂ ಅವನು ಬರಲಿಲ್ಲ.

ವಾರವಿಡೀ ಇಂಜೆಕ್ಷನ್ ಕೊಡುವಾಗಲೂ ಮನಸ್ಸು ಬೇರೆಲ್ಲೋ. ಫೋನ್ ಎತ್ತುವುದು, ಇಡುವುದು.

ಮುಂದಿನ ಭಾನುವಾರ ಮಧ್ಯಾಹ್ನ ಆಸ್ಪತ್ರೆಯ ಬೇವಿನ ಮರದಡಿ ಸಿದ್ದಲಿಂಗ ಸೈಕಲ್ ಹಿಡಿದು ನಿಂತಿದ್ದ. ಮೈಯೆಲ್ಲ ಧೂಳು, ಅಂಗಿ ಬೆವರಿಗೆ ಅಂಟಿತ್ತು.

"ಸೈಕಲ್ ಮ್ಯಾಲ ಬಂದ್ರೇನ್ರಿ? ಅಲ್ಲಿಂದ?"

"ಏನು ಹೇಳಬೇಕಂತ ದಾರಿಯುದ್ದಕ್ಕೂ ಯೋಚಿಸಬೇಕಿತ್ರಿ." ಅವನ ಉಸಿರು ಇನ್ನೂ ಏರುತ್ತಿತ್ತು. "ಅವತ್ತು ಕೇಳದೇ ಹೇಳಿದೆ, ತಪ್ಪಾತು. ಇವತ್ತು ಕೇಳ್ತೇನಿ. ನಾನ ಜೇವರ್ಗಿಗೆ ವರ್ಗಾವಣೆ ಕೇಳಿ ಅರ್ಜಿ ಬರದೇನಿ. ಕೊಡಲೋ, ಹರಿಲೋ?"

ಅವಳು ಅವನ ಕೈಯಿಂದ ಸೈಕಲ್ ತೆಗೆದುಕೊಂಡು ಮರಕ್ಕೆ ಒರಗಿಸಿದಳು.

"ಕೊಡ್ರಿ," ಎಂದಳು. "ಅವ್ವಗ ನಾನ ಹೇಳ್ತೇನಿ. ಮೊದಲು ಒಳಗ ಬಂದು ನೀರು ಕುಡೀರಿ."