ಕಿತ್ತಿಟ್ಟ ಫೋನು

"ಫೋನಿನ ವೈರು ಯಾರು ಕಿತ್ತಿದ್ದು?"

ಸೀಮಂತದ ಹಸಿರು ಸೀರೆಯುಟ್ಟು, ಕೈತುಂಬ ಬಳೆ ತೊಟ್ಟ ಶರಣ್ಯಾ ಅಮೆರಿಕದ ಸ್ಯಾನ್ ಹೊಸೆಯ ತನ್ನ ಮನೆಯ ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿದಾಗ, ಕೋಸಂಬರಿ ಕಲಸುತ್ತಿದ್ದ ಅತ್ತೆ ಪದ್ಮಜಾ ತಲೆಯೆತ್ತಲಿಲ್ಲ. ಆರತಿ ಮುಗಿದಿತ್ತು. ಪಕ್ಕದೂರು ಲಾಸ್ ಗ್ಯಾಟೋಸ್‌ನಿಂದ ಬಂದ ಹೆಂಗಸರು ಹಾಲಿನಲ್ಲಿ ಹರಟುತ್ತಿದ್ದರು.

"ನಾನೇ ಕಣೇ. ಯಾರೋ ಗಂಡಸು ಅಳ್ತಾ ಫೋನ್ ಮಾಡಿದ್ದ, ಮೇಡಂ ಬೇಕು, ಅರ್ಜೆಂಟು ಅಂತ. ಸಾವಿನ ಸುದ್ದಿನೇ ಇರ್ಬೇಕು ಅನ್ನಿಸ್ತು. ನಿನ್ನ ಕಿವಿಗೆ ಬಿದ್ರೆ ಸೂತಕ, ಸೀಮಂತ ನಿಂತೇ ಹೋಗತ್ತೆ! ಎರಡು ಗಂಟೆ ಬಿಟ್ಟು ಮಾಡು ಅಂದೆ. ಮತ್ತೆ ಮಾಡ್ತಾನೆ ಅಂತ ವೈರು ತೆಗೆದಿಟ್ಟೆ."

"ಯಾವಾಗ ಅತ್ತೆ?"

"ಬಳೆ ತೊಡಿಸೋಕೆ ಮುಂಚೆ..."

ಫೋನು ಮಾಡಿದವನು ಯಾರೆಂದು ಶರಣ್ಯಾಗೆ ಹೊಳೆಯಿತು. ಅದು ೧೯೯೯. ಊರಿಗೆ ಊರೇ ವೆಬ್‌ಸೈಟು ಕಂಪನಿಗಳ ಹಿಂದೆ ಓಡುತ್ತಿದ್ದಾಗ, ಈ ಎಂಜಿನಿಯರ್ ಹುಡುಗಿ ಮಾತ್ರ ಹಿಮದ ಸರೋವರಗಳ ಹಿಂದೆ ಬಿದ್ದಿದ್ದಳು. ನೇಪಾಳದ ಬೆಟ್ಟದ ನೆತ್ತಿಯಲ್ಲಿ ಹಿಮ ಕರಗಿ ನಿಂತ ಒಂದು ಸರೋವರ, ಅದನ್ನು ತಡೆದಿದ್ದದ್ದು ಬರೀ ಕಲ್ಲುಮಣ್ಣಿನ ದಿಬ್ಬ. ನೀರು ಇಳಿಸಲು ಕಾಲುವೆ ತೋಡಿಸಿ, ಕೆಳಗಿನ ಹಳ್ಳಿಯಲ್ಲಿ ಸೈರನ್ನು ಕೂರಿಸಿದವಳು ಅವಳೇ. ಎರಡು ಸಲ ಸುಮ್ಮಸುಮ್ಮನೆ ಸೈರನ್ನು ಕೂಗಿ ಜನ ರೇಗಿದಾಗ, ಒಂದು ನಿಯಮವನ್ನೂ ಮಾಡಿದ್ದಳು. ಸರೋವರದ ನೀರು ಅಪಾಯದ ಕೆಂಪು ಗೆರೆ ಮುಟ್ಟಿದರೆ ಕಾವಲುಗಾರ ಪಾಸಂಗ್ ಅವಳಿಗೆ ಫೋನು ಮಾಡಬೇಕು, ಅವಳು ಹೂಂ ಅಂದ ಮೇಲೆಯೇ ಸೈರನ್ನು ಒತ್ತಬೇಕು.

ಗಂಡ ಸುಘೋಷ್ ಓಡಿಬಂದು ವೈರು ಸಿಕ್ಕಿಸಿದ. ಶರಣ್ಯಾ ಹಳ್ಳಿಯ ಸ್ಯಾಟಲೈಟ್ ಫೋನಿನ ನಂಬರು ಒತ್ತಿದಳು. ಎತ್ತಿದ್ದು ಪಾಸಂಗನ ಹೆಂಡತಿ.

"ಒಂದು ಗಂಟೆ ಈ ಫೋನಿನ ಮುಂದೆಯೇ ಕೂತಿದ್ದರು ದೀದಿ. ಆಮೇಲೆ, ಬೈದರೆ ಬೈಯಲಿ ಅಂತ ಸೈರನ್ನು ಒತ್ತಿಬಿಟ್ಟರು. ಎಲ್ಲರೂ ಗುಡ್ಡ ಹತ್ತಿದೆವು. ನಡೆಯಲಾರದ ಅಜ್ಜಿಯೊಬ್ಬಳು ಉಳಿದಿದ್ದಳು, ಹೊತ್ತು ತರಲು ಇಳಿದರು, ಅಷ್ಟರಲ್ಲಿ ದಿಬ್ಬ ಒಡೆದು ನೀರು ನುಗ್ಗಿತು... ಇನ್ನು ಸ್ವಲ್ಪ ಹೊತ್ತು ಸಿಕ್ಕಿದ್ದರೆ..."

ಅಯ್ಯೋ, ಆ ಒಂದು ಗಂಟೆ! ಪಾಸಂಗ್ ನೀರುಪಾಲಾದನೆಂದು ಶರಣ್ಯಾ ಅತ್ತೆಗೆ ಹೇಳಿದಳು. ಸುದ್ದಿ ಕೇಳಿದ ಪದ್ಮಜಾ ನಿಂತಲ್ಲೇ ಕುಸಿದರು.

"ನಾನೇ ಕೊಂದೆ ಕಣೇ! ಬೈಯಿ ನನ್ನ... ಹೊಡಿ!"

ಸೊಸೆ ಅವರನ್ನು ನೋಡುತ್ತಲೇ ಇದ್ದಳು. ಕೋಪ ಬಂದಿತ್ತು, ಬಾರದೆ ಇರುತ್ತದೆಯೇ? ಆದರೆ ಅವಳ ಕಣ್ಣೀರು ಅದಕ್ಕಿಂತ ಮುಂಚೆಯೇ ಬಂತು.

"ವೈರು ಕಿತ್ತಿದ್ದು ನೀವು, ಅತ್ತೆ. ಆದ್ರೆ ಅಲ್ಲಿನ ಜೀವ ಇಲ್ಲಿನ ಹೂಂಗೆ ಕಾಯೋ ಹಾಗೆ ಮಾಡಿದ್ದು ನಾನು."

ಮತ್ತೆ ಫೋನಿಗೆ ಬಾಯಿಟ್ಟು, ಬಿಕ್ಕುತ್ತಲೇ ಹೇಳಿದಳು: "ಇನ್ಮೇಲೆ ಯಾರನ್ನೂ ಕೇಳಬೇಡಿ. ಕೆಂಪು ಗೆರೆ ಕಂಡವರು ಮೊದಲು ಸೈರನ್ನು ಒತ್ತಿ. ಸುಳ್ಳಾದರೆ ಬೈಗುಳ ನನಗಿರಲಿ."

ಪದ್ಮಜಾ ಮೆಲ್ಲಗೆ ಎದ್ದು ಬಚ್ಚಲಿಗೆ ಹೋದರು. ತಣ್ಣೀರು ಸುರಿಯುವ ಸದ್ದು ಬಹಳ ಹೊತ್ತು ಕೇಳಿಸಿತು. ಒದ್ದೆ ಸೀರೆಯಲ್ಲೇ ಅವರು ಹಾಲಿಗೆ ಬಂದಾಗ, ತಾಂಬೂಲಕ್ಕೆಂದು ಎದ್ದು ನಿಂತಿದ್ದ ಹೆಂಗಸರು ಬೆಚ್ಚಿಬಿದ್ದರು.

"ಕುಂಕುಮ ಕೊಡೋ ಹಾಗಿಲ್ಲಮ್ಮ. ನಮಗೆ ಸೂತಕ."

"ಅಯ್ಯೋ! ಯಾರು ಹೋದ್ರು?"

"ನಮ್ಮನೆಯವನೇ," ಅಂದರು ಪದ್ಮಜಾ. "ಪಾಸಂಗ್ ಅಂತ."