ಮೊದಲ ಕೊಪ್ಪರಿಗೆ ಅನ್ನ

"ನಿಲ್ಲಿಸ್ರೀ! ಅನ್ನ ಅದು, ಮಣ್ಣಲ್ಲ!"

ಚನ್ನಗಿರಿಯ ಕಲ್ಯಾಣ ಮಂಟಪದ ಹಿತ್ತಿಲಲ್ಲಿ ಸುಚಿತ್ರಾಳ ದನಿ ನಡುಗಿತು. ಗುಂಡಿಯ ಅಂಚಿನಲ್ಲಿ ಕೊಪ್ಪರಿಗೆ ಬಗ್ಗಿಸುತ್ತಿದ್ದ ಅಡುಗೆಯ ನಿಂಗರಾಜ್ ನಿಧಾನಕ್ಕೆ ತಲೆ ಎತ್ತಿದ.

"ಮಿಕ್ಕರೂ ಸೈ, ಕಮ್ಮಿ ಬೀಳಬಾರದು ಅಂತ ನಿಮ್ಮಪ್ಪಾಜಿ ಆರ್ಡರ್ ಐತೆ ಮೇಡಂ. ಚೆಲ್ಲಾಕೆ ನನಗೇನು ಖುಷಿನಾ?"

ಅವನ ಕಣ್ಣುಗಳು ಕೆಂಪಾಗಿದ್ದವು. ಹೊಗೆಗೋ... ಇಲ್ಲಾ ಅಳುವಿಗೋ?

ಅಪ್ಪ ಮುರುಗೇಶಪ್ಪನ ಕೇಟರಿಂಗ್ ನೋಡಿಕೊಳ್ಳಲು ಬಂದವಳು ಅಂದಿನಿಂದ ಅಡುಗೆಮನೆಯ ಪದ್ಧತಿಯನ್ನೇ ಬದಲಿಸಿದಳು. ಅಕ್ಕಿ ತೊಳೆದಿಟ್ಟು, ಪಂಕ್ತಿ ಕೂತಂತೆ ಒಂದೊಂದೇ ಕೊಪ್ಪರಿಗೆ ಒಲೆಗೆ. ಊಟದ ಹಾಲ್ ಬಾಗಿಲಿಂದ ಅವಳು ಕೈ ಎತ್ತಿದರೆ ಮಾತ್ರ ನಿಂಗರಾಜ್ ಮುಂದಿನ ಒಲೆ ಹಚ್ಚುತ್ತಿದ್ದ.

ಗುಂಡಿ ಒಣಗಿತು. ಆ ಕೈಸನ್ನೆಗಾಗಿ ಅವನು ಕಾಯುವ ರೀತಿಯಲ್ಲಿ ಅನ್ನದ ಚಿಂತೆಯಷ್ಟೇ ಇಲ್ಲ ಅಂತ ಅವಳಿಗೆ ಗೊತ್ತಾಗಿಬಿಟ್ಟಿತ್ತು!

ಕೈ ಎತ್ತುವ ಮೊದಲು ಅವಳೂ ಒಂದು ಗಳಿಗೆ ಅವನನ್ನೇ ನೋಡುತ್ತಿದ್ದಳು.

ನಲ್ಲೂರಿನ ಮದುವೆಯಲ್ಲಿ ನೆಂಟರ ಕೊನೆಯ ಪಂಕ್ತಿ ಎದ್ದಿತು.

"ಇನ್ನೊಂದು ಇಡಲಾ ಮೇಡಂ?"

"ಬ್ಯಾಡ. ಎಲ್ಲಾರದೂ ಆತು."

ಆಮೇಲೆ ಬಂದರು ವಾಲಗದವರು, ಬಡಿಸಿದವರು, ಪಾತ್ರೆ ತೊಳೆಯುವ ಕರಿಬಸಮ್ಮ... ಇಷ್ಟು ವರ್ಷ ಮಿಕ್ಕಿದ್ದನ್ನೇ ಉಂಡವರು. ಏನೂ ಮಿಗಬಾರದು ಅಂದವಳು ಅವರನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ! ಕೊಪ್ಪರಿಗೆ ಬರಿದಾಗಿತ್ತು, ಒಲೆಯೂ ಆರಿತ್ತು.

ಕರಿಬಸಮ್ಮ ಹಾಸಿದ ಎಲೆಯನ್ನು ಮಡಚಿದಳು. "ಇರಲಿ ಬಿಡವ್ವಾ," ಅಂದು ಹಸಿದುಕೊಂಡೇ ಹೋದಳು.

ವಾಲಗದವರು ಕೂಗಾಡಿದರು. ಬೀಗರೆದುರು ಮುರುಗೇಶಪ್ಪ ಕೆಂಡವಾದ. "ಒಲೆ ಹಚ್ಚಬ್ಯಾಡ ಅಂದೋರು ಯಾರಲೇ?"

"ನಾನೇ," ಅಂದ ನಿಂಗರಾಜ್.

"ತೊಲಗು ಇಲ್ಲಿಂದ!"

'ನಾನಪ್ಪಾ' ಅಂದಿದ್ದರೆ ಸಾಕಿತ್ತು. ಸುಚಿತ್ರಾ ಬೀಗರತ್ತ ನೋಡಿ ತಲೆ ತಗ್ಗಿಸಿದಳು. ಅವನು ಅವಳನ್ನೊಮ್ಮೆ ನೋಡಿ, ಸೌಟು ಕೆಳಗಿಟ್ಟು ನಡೆದ.

ಆಮೇಲೆ ಅವಳು ಫೋನ್ ಮಾಡಿದರೆ ಅವನು ಎತ್ತಲೇ ಇಲ್ಲ. 'ನನ್ನ ಕಂಡರೆ ಅಸಹ್ಯ ಅವನಿಗೆ' ಅಂತ ಇವಳು. 'ಅಡುಗೆಯವನ ಪರ ಮಾತಾಡೋಕೆ ನಾಚಿಕೆ ಅವಳಿಗೆ' ಅಂತ ಅವನು.

ಹೊಸ ಅಡುಗೆಯವನು ಬಂದ. ಗುಂಡಿ ಮತ್ತೆ ತುಂಬತೊಡಗಿತು. ಆ ಹುಳಿ ವಾಸನೆ ತಡೆಯಲಾರದೆ ಒಂದು ಬೆಳಿಗ್ಗೆ ಅಪ್ಪನೆದುರು ನಿಜ ಹೇಳಿ, ಅವಳು ನಿಂಗರಾಜ್ ಈಗ ದುಡಿಯುತ್ತಿದ್ದ ಸವಳಂಗಕ್ಕೆ ಬಸ್ ಹತ್ತಿದಳು.

ಅಲ್ಲಿನ ಖಾನಾವಳಿಯ ಹಿಂದಿನ ಒಲೆಯ ಮುಂದೆ ಅವನಿದ್ದ. ಸೊರಗಿದ್ದ.

"ಯಾಕೆ ಬಂದ್ರಿ?"

"ಅಪ್ಪಂಗೆ ಹೇಳ್ದೆ. ತಪ್ಪು ನಂದು ಅಂತ."

"ಏನಂದ್ರು?"

"ಮುಖ ತಿರುಗಿಸ್ಕೊಂಡ್ರು. ಕರಿಬಸಮ್ಮನೂ ಅಷ್ಟೇ, ನನ್ನ ಕಡೆ ನೋಡಲ್ಲ... ಇನ್ಮೇಲೆ ಮೊದಲ ಕೊಪ್ಪರಿಗೆ ದುಡಿಯೋರಿಗೆ, ಅವರುಂಡ ಮೇಲೇ ನೆಂಟ್ರಿಗೆ. ಅದಕ್ಕೊಪ್ಪಿದ್ರೆ ಮಾತ್ರ ನಾನು ಅಡುಗೆಮನೆಗೆ ಬರೋದು ಅಂತ ಅಪ್ಪಂಗೆ ಅಂದೆ."

ಅವನು ಬೆಂಕಿಯನ್ನೇ ನೋಡಿದ. "ಅವತ್ತು... ನನ್ನಿಂದ ನಾಚಿಕೆ ಆಗಿತ್ತಾ?"

"ನನ್ನ ಬಗ್ಗೆ ನನಗೇ ಆಗಿತ್ತು. ನಿಮ್ಮ ಮೇಲಿದ್ದದ್ದು ಪ್ರೀತಿ ಕಣ್ರೀ!"

ಸುಚಿತ್ರಾ ಎಲೆ ಹಾಸಿದಳು. "ಕೂತ್ಕೊಳ್ರಿ."

"ಗಿರಾಕಿಗಳು ಬರೋ ಮುಂಚೆನೇ ಅಡುಗೆಯೋನು ಉಣ್ಣಾದಾ? ಚೆನ್ನಾಗೈತೆ!"

"ಕೂತ್ಕೊಳ್ರಿ ಅಂದ್ನಲ್ಲ."

ಅವನು ಕೂತ. ಎಲೆಯ ಮೇಲೆ ಅನ್ನ ಹಬೆಯಾಡಿತು. ಬೇಯಿಸುವವನಿಗೆ ಯಾವತ್ತೂ ಸಿಗದ ಬಿಸಿ ಅನ್ನ. ಅವನ ಕಣ್ಣುಗಳು ಕೆಂಪಾದವು. ಹೊಗೆ ಅಲ್ಲ ಅಂತ ಈಗ ಅವಳಿಗೆ ಗೊತ್ತಿತ್ತು.

"ಸಾಕಾ?"

"ಇನ್ನೊಂದು ಸೌಟು ಹಾಕು ಸುಚಿತ್ರಾ... ಇಬ್ಬರಿಗಾಗಬೇಕಲ್ಲ."