ಚರ್ಚಿನ ಬಾಗಿಲ ಮೀನುಕಲ್ಲು

ಕಳೆದ ಡಿಸೆಂಬರ್ ಒಂಬತ್ತರ ಬೆಳಿಗ್ಗೆ, ಸ್ಕಾಟ್ಲೆಂಡಿನ ಚರ್ಚಿನಲ್ಲಿ ಕಳವಾಗಿದೆ ಎಂಬ ದೂರು ಕಾರವಾರದ ಠಾಣೆಗೆ ಬಂತು. ಭೂಮಂಡಲದ ಬೇರಾವ ಠಾಣೆಗೂ ಇಂಥ ಭಾಗ್ಯ ಒದಗಿಲ್ಲ. ಆದರೆ ಇಲ್ಲಿದ್ದವರು ಇನ್‌ಸ್ಪೆಕ್ಟರ್ ಪುಂಡಲೀಕ. ಅವರು ಕೆಮ್ಮಿದರೆ ಕಾಳಿ ನದಿಗೆ ಏರಿಬರುವ ಸಮುದ್ರದ ಭರತಿ ಅರ್ಧ ದಾರಿಯಲ್ಲಿ ನಿಂತು, ಮುಂದೆ ಬರಲೋ ಬೇಡವೋ ಎಂದು ಕೇಳುತ್ತಿತ್ತು.

ದೂರುದಾರ ವಿಕಾಸ, ಸಿನಿಮಾ ಕಂಪನಿಯೊಂದರ ಮ್ಯಾನೇಜರ್. ಶಿರವಾಡದ ಬಯಲಿನಲ್ಲಿ ಅವರು ಸ್ಕಾಟ್ಲೆಂಡಿನ ಒಂದು ಬಂದರು ಪಟ್ಟಣದ ಚೌಕವನ್ನೇ ಸೆಟ್ ಹಾಕಿದ್ದರು. ಮೊನಚು ಗೋಪುರದ ಚರ್ಚು, ಎದುರಿಗೆ ಗಡಿಯಾರದ ಕಂಬ, ಸಂತೆಯ ಜಾಗದಲ್ಲಿ ಕಲ್ಲಿನ ಶಿಲುಬೆ, ಆಚೆಗೆ ಕಮಾನು ಸೇತುವೆ. ಆ ಊರಿನವರು ಯಾರಾದರೂ ಬಂದಿದ್ದರೆ ನೇರವಾಗಿ ಹೋಗಿ ತಮ್ಮ ಮನೆಯ ಬಾಗಿಲು ತಟ್ಟುತ್ತಿದ್ದರು.

"ಚರ್ಚಿನ ಬಾಗಿಲ ಪಕ್ಕದ ಕಲ್ಲು ಹೋಗಿದೆ ಸರ್. ಮೀನು ಕೆತ್ತಿದ್ದು. ಅದಿಲ್ದೆ ಶೂಟಿಂಗ್ ನಿಂತಿದೆ."

"ಎಷ್ಟು ಭಾರ?"

"ಭಾರ ಇಲ್ಲ ಸರ್. ಥರ್ಮಾಕೋಲ್."

ಹೆಡ್ ಕಾನ್‌ಸ್ಟೆಬಲ್ ಮಾಸ್ತಿ ಪೆನ್ನು ಎತ್ತಿದರು. "ಕಲ್ಲು ಅಂತ ಬರೂದಾ, ಥರ್ಮಾಕೋಲ್ ಅಂತ ಬರೂದಾ ಸಾಹೇಬ್ರೆ?"

"ಕಲ್ಲಿನ ಹಾಗೆ ಕಾಣುವ ಥರ್ಮಾಕೋಲ್ ಅಂತ ಬರಿ ಮಾರಾಯಾ. ಕೋರ್ಟಲ್ಲಿ ನನ್ನ ಮರ್ಯಾದೆ ತೆಗೀಬೇಡ."

ಎಫ್‌ಐಆರ್ ದಾಖಲಾಯಿತು. ಹನ್ನೊಂದು ಗಂಟೆಗೆ ಸ್ಥಳ ಪಂಚನಾಮೆ. ಕಲ್ಲನ್ನು ಗದ್ದೆಯ ಕುಡುಗೋಲಿನಿಂದ ಹುಷಾರಾಗಿ ಕೊಯ್ದು ತೆಗೆದಿದ್ದರು. ಖಾಲಿ ಜಾಗದ ಕೆಳಗೆ ಒಂದು ಮುಷ್ಟಿ ಅಕ್ಕಿ, ಚೂರು ಕುಂಕುಮ.

"ಕಳ್ಳರು ಕುಂಕುಮ ಯಾವಾಗಿಂದ ಇಡೂಕೆ ಶುರು ಮಾಡಿದ್ರೋ?" ಎಂದರು ಪುಂಡಲೀಕ.

ಮಾಸ್ತಿ ಟೋಪಿ ತೆಗೆದರು. "ಇದು ಕದ್ದದ್ದಲ್ಲ ಸಾಹೇಬ್ರೆ, ಕರೆದದ್ದು. ಸಮುದ್ರಕ್ಕೆ ಹೋದಂವನ ಹೆಣ ಸಿಗ್ದಿದ್ರೆ, ಅಂವ ಕಡೆಗೆ ಕಾಲಿಟ್ಟ ನೆಲದ ಕಲ್ಲು ತರ್ತ್ರು ನಮ್ಮಲ್ಲಿ. ಅಳಿವೆಗೆ ಒಯ್ದು, ಹೆಸರು ಕೂಗಿ ನೀರಿಗೆ ಬಿಡೂದು. ಕಲ್ಲು ಮುಳುಗಿದ್ರೆ ಅಂವ ಮನೆ ಮುಟ್ಟಿದ ಲೆಕ್ಕ."

ಪುಂಡಲೀಕರು ಜೀಪಿನತ್ತ ನಡೆದೇ ಬಿಟ್ಟಿದ್ದರು. ಕಾಳಿ ನದಿ ಸಮುದ್ರ ಸೇರುವ ಅಳಿವೆಯಿರುವುದು ಕೋಡಿಬಾಗದಲ್ಲಿ. ಜೀಪು ಎಷ್ಟು ಜೋರಾಗಿ ಹೋಯಿತೆಂದರೆ ಅದರ ಹಾರ್ನು ಅದಕ್ಕಿಂತ ತಡವಾಗಿ ತಲುಪಿತು.

ಸೊಂಟದವರೆಗಿನ ನೀರಿನಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಮೀನು ಕೆತ್ತಿದ ಕಲ್ಲನ್ನು ಎರಡೂ ಕೈಯಿಂದ ಒತ್ತಿ ಮುಳುಗಿಸುತ್ತಿದ್ದಳು. ಕೈಬಿಟ್ಟರೆ ಅದು ಚಿಮ್ಮಿ ಮೇಲೆ ಬರುತ್ತಿತ್ತು. ದೂರ ತಳ್ಳಿದರೆ ಭರತಿಯ ಅಲೆ ಅದನ್ನು ಮತ್ತೆ ಅವಳ ಎದೆಗೇ ತಂದು ತಾಗಿಸುತ್ತಿತ್ತು. ಜೀಪಿನಲ್ಲಿ ಜೊತೆಗೆ ಬಂದಿದ್ದ ಮಹಿಳಾ ಕಾನ್‌ಸ್ಟೆಬಲ್ ರಂಜನಾ ನೀರಿಗಿಳಿದು, ಅವಳನ್ನೂ ಕಲ್ಲನ್ನೂ ದಡಕ್ಕೆ ಕರೆತಂದಳು.

"ಹೆಸರು?" ಎಂದರು ಪುಂಡಲೀಕ.

"ಸೋಮಿ, ಒಡೆಯಾ. ಅಂಕೋಲೆ ಬದಿಯವಳು. ಸೆಟ್ಟಲ್ಲಿ ಕಸ ಗುಡಿಸ್ತೆ."

"ಯಾರಿಗೆ ಈ ಕಲ್ಲು?"

"ನನ್ನ ಗಂಡಗೆ. ಬಾಳಾ ಅಂತ ಹೆಸರು. ಇಲ್ಲಿ ಸೆಟ್ ಹಾಕಿದ್ರಲ್ಲ, ಖರೇ ಆ ಊರಿಗೇ ಮೀನುಬೋಟಿನ ಕೆಲ್ಸಕ್ಕೆ ಹೋಗಿದ್ದ. ಚರ್ಚಿನ ಬಾಗಿಲಲ್ಲಿ ವೈಫೈ ಪುಕ್ಕಟೆ ಸಿಗ್ತಿತ್ತು. ದಿನಾ ಅಲ್ಲೇ ನಿಂತು ವಿಡಿಯೋ ಕಾಲ್ ಮಾಡ್ತಿದ್ದ. ಗೋಪುರ ತೋರ್ಸಿದ್ದ, ಗಡಿಯಾರ ತೋರ್ಸಿದ್ದ. ಅಂವನ ತಲೆ ಹಿಂದೆ ಯಾವಾಗ್ಲೂ ಈ ಮೀನು. ಕಡೇ ದಿನವೂ ಅಲ್ಲಿಂದ್ಲೇ ಬೋಟಿಗೆ ಹೋದ. ಬೋಟು ಮುಳುಗ್ತು. ಹೆಣ ಸಿಗ್ಲಿಲ್ಲ."

ರಂಜನಾ ಮೆಲ್ಲಗೆ ಹೇಳಿದಳು: "ಅಕ್ಕಾ, ಇದು ಅಲ್ಲಿಯ ಕಲ್ಲಲ್ಲ. ಇಲ್ಲೇ ಮಾಡಿದ್ದು."

"ಗೊತ್ತಿದೆ ಬಾಯೋರೆ. ಅಲ್ಲಿಗೆ ಹೋಗೂಕೆ ನನ್ನಿಂದ ಆಗ್ತದಾ? ಊರಿಗೆ ಊರೇ ಇಲ್ಲಿಗೆ ಬಂತಲ್ಲ. ಅಂವನೇ ಹೊತ್ಕಂಡು ಬಂದ ಅಂದ್ಕಂಡೆ."

"ಎತ್ತಿದಾಗ ಹಗುರ ಅನಿಸ್ಲಿಲ್ವಾ?" ಎಂದಳು ರಂಜನಾ.

"ಅನಿಸ್ತು. ಊಟ ಸೇರ್ದೆ ಸೊರಗಿದ ಅಂದ್ಕಂಡೆ."

ಆ ಮಾತಿಗೆ ಕೋಡಿಬಾಗದ ದೋಣಿಗಳೆಲ್ಲ ಎಂಜಿನ್ ನಿಲ್ಲಿಸಿದವು. ಅರ್ಗಾದ ನೌಕಾನೆಲೆಯಲ್ಲಿ ನಿಂತ ಯುದ್ಧನೌಕೆಗಳೂ ತಲೆ ತಗ್ಗಿಸಿದವು.

"ಸಾಹೇಬ್ರೆ, ಒಂದು ಖರೇ ಕಲ್ಲು ಕಟ್ಟಿ ಬಿಟ್ರೆ ಮುಳುಗ್ತದೆ," ಎಂದರು ಮಾಸ್ತಿ, ಎತ್ತಲೋ ನೋಡುತ್ತ.

ಪುಂಡಲೀಕರು ಕರವಸ್ತ್ರದಿಂದ ಕಲ್ಲಿನ ನೀರು ಒರೆಸಿದರು. "ಎಫ್‌ಐಆರ್ ಆಗಿದೆ ಮಾಸ್ತಿ. ಕೋರ್ಟಿಗೆ ಒಪ್ಪಿಸಬೇಕಾದ ಮುದ್ದೆಮಾಲು ನೀರಿಗೆ ಬಿಡೂಕೆ ನಾನ್ಯಾರು?"

ಮಧ್ಯಾಹ್ನ ಎರಡಕ್ಕೆ ಜಪ್ತಿ ಪಂಚನಾಮೆ. ನಿಯಮದಂತೆ ಕಲ್ಲನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ದಾರ ಬಿಗಿದು, ಅರಗು ಕರಗಿಸಿದರು. ಬಿಳಿ ಬಟ್ಟೆ ಕಂಡ ಸೋಮಿ ಎದ್ದು ನಿಂತಳು.

"ಹೆಸರು ಕೂಗ್ಲಾ ಒಡೆಯಾ?"

ಅವಳು ಮೂರು ಸಲ ಕೂಗಿದಳು. ಮೂರನೆಯ ಕೂಗು ಮುಗಿಯುವವರೆಗೆ ಮಾಸ್ತಿ ಮೊಹರು ಒತ್ತದೆ ಕೈ ತಡೆದು ನಿಂತಿದ್ದರು. ಆಮೇಲೆ ರಂಜನಾ ಅವಳನ್ನು ಬಂಧಿಸಿದಳು.

ಮರುದಿನವೇ ಜಾಮೀನು ಸಿಕ್ಕಿತು. ಕಳವಿಗೆ ಕಾರಣ ದುಃಖ ಎಂದು ಪುಂಡಲೀಕರು ತಮ್ಮ ಕೈಯಿಂದಲೇ ವರದಿಯಲ್ಲಿ ಬರೆದಿದ್ದರು. ಸೋಮಿ ಕೋರ್ಟಿನಿಂದ ಮನೆಗೆ ಹೋಗದೆ ಠಾಣೆಗೆ ಬಂದಳು.

"ನನ್ನ ಬಿಟ್ರಿ. ಅಂವನ್ನ ಯಾವಾಗ ಬಿಡ್ತ್ರಿ?"

"ಕೋರ್ಟು ಹೇಳಬೇಕು, ತಂಗಿ," ಎಂದರು ಪುಂಡಲೀಕ.

ಅವಳು ತಲೆಯಾಡಿಸಿ ಮೆಟ್ಟಿಲಿಳಿದಳು. ಮತ್ತೆ ತಿರುಗಿ ಬಂದು ಬಾಗಿಲಲ್ಲಿ ನಿಂತಳು.

"ಸುತ್ತಿದ ಬಟ್ಟೆ ಹಸಿ ಇದ್ರೆ ಬದಲು ಮಾಡಿ ಒಡೆಯಾ. ಅಂವಗೆ ಥಂಡಿ ಆಗಿಬರೂದಿಲ್ಲ."